ಮೊದಲು ಮೇಷ್ಟ್ರನ್ನು ಕೇಳಿ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಎಂಜಿನಿಯರಾಗಿರುವ ನಾನು ವರ್ಷಕ್ಕೆ ಮೂರ್ನಾಲ್ಕು ದಿನ ‘ಸ್ಟೆಮ್ ಅಂಬಾಸಿಡರ್’ (ಸ್ಟೆಮ್ ಎಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂಬ ಸ್ವಯಂಸೇವಕನಾಗಿ ಶಾಲೆಗಳಿಗೆ ಹೋಗುತ್ತೇನೆ. ಮೊದಲ ಸಲ ನನ್ನ ಉದ್ಯೋಗದ ಬಗ್ಗೆ ಉದ್ದನೆಯ ಭಾಷಣ ಸಿದ್ಧಮಾಡಿಕೊಂಡಿದ್ದೆ. ಶಿಕ್ಷಕಿ ಅದನ್ನು ಬದಿಗಿಡಲು ಹೇಳಿ, ಮಕ್ಕಳು ಈ ವಾರ ರೋಧವನ್ನು, ಅಂದರೆ ವಿದ್ಯುತ್ ಹರಿವಿಗೆ ತಂತಿ ಒಡ್ಡುವ ತಡೆಯನ್ನು, ಅಳೆಯುತ್ತಿದ್ದಾರೆ, ತಂತಿ ಉದ್ದವಾದಂತೆ ರೋಧ ಹೆಚ್ಚುವುದು ನಿಮ್ಮ ಕೆಲಸದಲ್ಲಿ ಎಲ್ಲಿ ಅಡ್ಡಬರುತ್ತದೆಂದು ಹದಿನೈದು ನಿಮಿಷ ಹೇಳಿದರೆ ಸಾಕು ಎಂದರು. ಅಷ್ಟರಲ್ಲಿ ಪ್ರಯೋಗಾಲಯದ ಸಹಾಯಕರು ತಳ್ಳುಗಾಡಿಯಲ್ಲಿ ಟ್ರೇಗಳನ್ನು ತಂದಿಟ್ಟರು. ಪ್ರತಿಯೊಂದರಲ್ಲೂ ಒಂದು ಮೀಟರ್ ನೈಕ್ರೋಮ್ ತಂತಿ, ಅಮ್ಮೀಟರ್, ವೋಲ್ಟ್‌ಮೀಟರ್, ನಾಲ್ಕು ಕ್ಲಿಪ್ಪುಗಳು.

ಹಾಸನ ಜಿಲ್ಲೆಯಲ್ಲಿ ನಾನು ಓದಿದ ಪ್ರೌಢಶಾಲೆಯಲ್ಲೂ ಅಮ್ಮೀಟರ್ ಇತ್ತು, ಬೀಗ ಹಾಕಿದ ಬೀರುವಿನಲ್ಲಿ. ಕೆಟ್ಟುಹೋದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಕೊಡಬೇಕಾದವರು ಮೇಷ್ಟ್ರೇ ಆಗಿದ್ದರಿಂದ, ರೋಧದ ಲೆಕ್ಕಕ್ಕೆ ಆಧಾರವಾದ ಓಮ್‌ನ ನಿಯಮವನ್ನು ಅವರು ಕಪ್ಪುಹಲಗೆಯ ಮೇಲೆ ಕಲಿಸಿದರು, ಬಹಳ ಚೆನ್ನಾಗಿಯೇ ಕಲಿಸಿದರು. ಉಪಕರಣ ಜೋಡಿಸಿ, ತೊಳೆದು, ಎಣಿಸಿಡಲು ಅವರಿಗೆ ಒಬ್ಬ ಸಹಾಯಕನಿದ್ದಿದ್ದರೆ ಆ ಬೀಗ ತೆರೆಯುತ್ತಿತ್ತೆಂದು ನಾನು ಇಂದಿಗೂ ನಂಬಿದ್ದೇನೆ.

ಇಂಗ್ಲೆಂಡಿನಲ್ಲೂ ಎಲ್ಲವೂ ಸರಿಯಿಲ್ಲ. ಭೌತವಿಜ್ಞಾನದ ಶಿಕ್ಷಕರ ಕೊರತೆ ಇಲ್ಲಿ ತೀವ್ರವಾಗಿದ್ದು, ಜೀವವಿಜ್ಞಾನ ಓದಿದವರು ವಿದ್ಯುತ್ತಿನ ಪಾಠ ಮಾಡುವುದು ಸಾಮಾನ್ಯ. ಆದರೆ ಯಾರ್ಕ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಸ್ಟೆಮ್ ಕಲಿಕಾ ಕೇಂದ್ರಕ್ಕೆ ಶಿಕ್ಷಕರು ತರಬೇತಿಗೆ ಬಂದಾಗ, ಅವರ ತರಗತಿಯನ್ನು ನೋಡಿಕೊಳ್ಳುವ ಬದಲಿ ಶಿಕ್ಷಕರ ವೆಚ್ಚಕ್ಕೂ ನೆರವು ಸಿಗುತ್ತದೆ; ಆ ನಿಧಿಗೆ ಸರ್ಕಾರದೊಂದಿಗೆ ಕಂಪನಿಗಳೂ ಹಣ ನೀಡಿವೆ. ಕಂಪನಿಯ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.

ನಮ್ಮಲ್ಲಿ ಹಣಕ್ಕೆ ದಾರಿಯಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಹಳ್ಳಿ ಶಾಲೆಗಳಿಗೆ ಅಗ್ಗದ ಮಾದರಿಗಳನ್ನು ಕೊಂಡೊಯ್ದು, ಮಕ್ಕಳ ಕೈಗೇ ಕೊಟ್ಟು ತೋರಿಸಿವೆ. ಇಷ್ಟಿದ್ದೂ ಬೆಂಗಳೂರಿನ ಎಷ್ಟೋ ಕಂಪನಿಗಳ ಸ್ವಯಂಸೇವೆ ಒಂದು ದಿನ ಗೋಡೆಗೆ ಬಣ್ಣ ಬಳಿದು, ಕಿಟ್ ಹಂಚಿ, ಫೋಟೋ ತೆಗೆಸಿಕೊಳ್ಳುವುದರಲ್ಲಿ ಮುಗಿಯುವುದನ್ನು ಕಂಡು ನನಗೆ ನೋವಾಗುತ್ತದೆ. ಅದೇ ಎಂಜಿನಿಯರು ಒಂದೇ ಶಾಲೆಗೆ ಎರಡು ವರ್ಷ, ತಿಂಗಳಿಗೊಮ್ಮೆ ಹೋಗಿ, ಈ ತಿಂಗಳು ಯಾವ ಪಾಠ ನಡೆಯುತ್ತಿದೆ, ಯಾವ ಪ್ರಯೋಗ ಕೈಕೊಡುತ್ತಿದೆ ಎಂದು ಮೇಷ್ಟ್ರನ್ನು ಕೇಳಲಿ. ಕಂಪನಿಯು ಒಡೆದ ಬೀಕರಿಗೂ ಸುಟ್ಟ ಬಲ್ಬಿಗೂ ಪ್ರತಿವರ್ಷ ಹಣ ಕೊಡಲಿ.

ಹೋಗುವ ಮುನ್ನ ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನು ಒಮ್ಮೆ ಓದಿಕೊಳ್ಳಬೇಕು. ಕಳೆದ ರಜೆಯಲ್ಲಿ ಊರಿನ ಶಾಲೆಯೊಂದರಲ್ಲಿ ನಾನು ‘ಪೊಟೆನ್ಷಿಯಲ್ ಡಿಫರೆನ್ಸ್’ ಎಂದಾಗ ಮಕ್ಕಳು ಸುಮ್ಮನೆ ನೋಡುತ್ತಿದ್ದರು. ಪಕ್ಕದಲ್ಲಿದ್ದ ಮೇಷ್ಟ್ರು ‘ವಿಭವಾಂತರ’ ಎಂದರು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಅದರ ಏಕಮಾನವನ್ನೂ ಹೇಳಿದಳು.