ಎಲೆಕ್ಟ್ರಾನಿಕ್ ವಸ್ತುಗಳಿಂದ ಬರುವ ವಿಕಿರಣ: ಸರ್ಕಾರದ ಹಿಡಿತ ಇನ್ನೂ ಬಿಗಿಯಾಗಬೇಕಾ?

ಪರ: ಚೀಟಿ ನಂಬಿದರೆ ಸಾಲದು, ಅಳೆದು ನೋಡಬೇಕು

ನನ್ನ ಅಕ್ಕನ ಮಗನಿಗೆ ಆಗ ಹನ್ನೊಂದು ವರ್ಷ. ಯಾರೋ ಆಟಕ್ಕೆಂದು ಕೊಟ್ಟ ಹಸಿರು ಲೇಸರ್ ಪಾಯಿಂಟರ್ ಅವನ ಕೈಯಲ್ಲಿತ್ತು. ಕನ್ನಡಿ ಮುಂದೆ ನಿಂತು ಗುಂಡಿ ಒತ್ತಿದ. ಬೆಳಕು ತಿರುಗಿ ಬಂದು ಕಣ್ಣಿಗೆ ಬಿತ್ತು. ಚೆನ್ನಾಗಿ ಕಂಡಿತು ಅಂತ ಮತ್ತೆ ಎರಡು ಮೂರು ಸಲ ಹಾಗೇ ಮಾಡಿದ. ನೋವೇನೂ ಆಗಲಿಲ್ಲ, ಯಾಕೆಂದರೆ ಕಣ್ಣಿನ ಒಳಪರದೆಯಾದ ರೆಟಿನಾ ಸುಟ್ಟರೂ ನೋವು ಗೊತ್ತಾಗುವುದಿಲ್ಲ. ಮೂರು ದಿನ ಬಿಟ್ಟು ಪಾಠ ಓದುತ್ತಿದ್ದವನು, "ಚಿಕ್ಕಮ್ಮಾ, ಯಾವ ಅಕ್ಷರ ನೋಡಿದ್ರೂ ಅದೇ ಕಾಣಿಸ್ತಿಲ್ಲ, ಪಕ್ಕದ್ದು ಕಾಣಿಸ್ತಿದೆ" ಅಂದ. ಕಣ್ಣಿನ ಡಾಕ್ಟರ್ ಸ್ಕ್ಯಾನ್ ತೆಗೆದು ಪರದೆ ಮೇಲೆ ತೋರಿಸಿದರು. ರೆಟಿನಾದ ನಟ್ಟನಡುವೆ ಸೂಜಿಮೊನೆಯಷ್ಟು ಕಲೆ. ಇವತ್ತಿಗೂ ಅವನು ಓದುವಾಗ ತಲೆ ಸ್ವಲ್ಪ ಓರೆ ಮಾಡುತ್ತಾನೆ.

ಆ ಪಾಯಿಂಟರ್ ಬ್ಯಾಟರಿ ತೆಗೆದು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಅದರ ಮೈಮೇಲಿನ ಹಳದಿ ಚೀಟಿಯಲ್ಲಿ "5 ಮಿಲಿವ್ಯಾಟ್‌ಗಿಂತ ಕಡಿಮೆ" ಅಂತ ಅಚ್ಚಾಗಿದೆ. ಆಮೇಲೆ ಅಳೆಸಿ ನೋಡಿದೆವು. ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಚೀಟಿ ಸುಳ್ಳು ಹೇಳಿತ್ತು, ನಾವು ನಂಬಿದ್ದೆವು. ನಂಬದೆ ಇನ್ನೇನು ಮಾಡಬಹುದಿತ್ತು ಹೇಳಿ? ಹಣ್ಣು ಕೊಳೆತಿದ್ದರೆ ಮೂಗಿಗೆ ಗೊತ್ತಾಗುತ್ತದೆ. ವಿಕಿರಣಕ್ಕೆ, ಅಂದರೆ ಇಂಥ ಬೆಳಕು, ಎಕ್ಸ್‌ರೇ, ರೇಡಿಯೋ ಅಲೆಗಳಿಗೆ, ವಾಸನೆಯಿಲ್ಲ, ಸದ್ದಿಲ್ಲ, ಎಷ್ಟು ಜೋರಿದೆ ಅಂತ ಕಣ್ಣಿಗೂ ತಿಳಿಯುವುದಿಲ್ಲ.

ಇದು ಒಂದೇ ಪಾಯಿಂಟರ್‌ನ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಅಳತೆ, ಮಾನಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಸ್ಟ್. ಅದು 122 ಲೇಸರ್ ಪಾಯಿಂಟರ್‌ಗಳನ್ನು ಅಳೆದು 2013ರಲ್ಲಿ ಫಲಿತಾಂಶ ಹೇಳಿತು. ಹಸಿರಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ನಿಯಮ ಮೀರಿದ್ದವು. ಕೆಂಪಿನಲ್ಲಿ ಶೇ. 44. ಹಸಿರು ಯಾಕೆ ಇಷ್ಟು ಕೆಟ್ಟದು ಅಂದರೆ, ಅದರೊಳಗಿನ ಬೆಳಕು ಮೊದಲು ಹುಟ್ಟುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಆಗಿ, ಹರಳಿನ ಮೂಲಕ ಹಾದು ಆಮೇಲೆ ಹಸಿರಾಗುತ್ತದೆ. ಉಳಿದ ಇನ್‌ಫ್ರಾರೆಡ್ ಹೊರಗೆ ಬರದಂತೆ ತುದಿಯಲ್ಲಿ ಒಂದು ಸಣ್ಣ ಫಿಲ್ಟರ್ ಇರಬೇಕು. ಎಷ್ಟೋ ಅಗ್ಗದ ಪಾಯಿಂಟರ್‌ಗಳಲ್ಲಿ ಆ ಫಿಲ್ಟರನ್ನೇ ಬಿಟ್ಟುಬಿಡುತ್ತಾರೆ. ಜೋರು ಬೆಳಕು ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಆದರೆ ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಇದೆಲ್ಲ ಕೊಳ್ಳುವವನಿಗೆ ಹೇಗೆ ಗೊತ್ತಾಗಬೇಕು?

ದೊಡ್ಡ ಕಂಪನಿಗಳ ಮಾಲಿಗೆ ಈ ಮಾತು ಬರುವುದಿಲ್ಲ ಅನ್ನುವವರು 1967 ನೆನಪಿಸಿಕೊಳ್ಳಲಿ. ಜನರಲ್ ಎಲೆಕ್ಟ್ರಿಕ್‌ನ ದೊಡ್ಡ ಕಲರ್ ಟಿವಿಗಳಿಂದ ಬೇಕಾದ್ದಕ್ಕಿಂತ ಜಾಸ್ತಿ ಎಕ್ಸ್‌ರೇ ಹೊರಗೆ ಬರುತ್ತಿತ್ತು. ಒಳಗಿನ ಒಂದು ವಾಲ್ವ್ ಸರಿಯಿರಲಿಲ್ಲ, ಅಷ್ಟೇ. ಸುಮಾರು 90,000 ಸೆಟ್‌ಗಳನ್ನು ಸರಿಪಡಿಸಬೇಕಾಯಿತು. ಮಕ್ಕಳು ನೆಲದ ಮೇಲೆ ಕೂತು ಟಿವಿ ನೋಡುತ್ತಿದ್ದ ಕಾಲ ಅದು. ಆ ಗಲಾಟೆಯ ನಂತರವೇ 1968ರಲ್ಲಿ ಅಮೆರಿಕ ಎಲೆಕ್ಟ್ರಾನಿಕ್ ವಸ್ತುಗಳ ವಿಕಿರಣಕ್ಕೆ ಕಾನೂನು ತಂದಿತು. ಅದಕ್ಕೂ ಮುಂಚೆ ದಶಕಗಳ ಕಾಲ ಚಪ್ಪಲಿ ಅಂಗಡಿಗಳಲ್ಲಿ ಎಕ್ಸ್‌ರೇ ಪೆಟ್ಟಿಗೆ ಇಟ್ಟು, ಬೂಟು ಸರಿಯಾಗಿ ಕೂತಿದೆಯಾ ಅಂತ ಮಕ್ಕಳ ಕಾಲಿನ ಮೂಳೆ ತೋರಿಸುತ್ತಿದ್ದರು. ತುಂಬಾ ಕಾಲ ತಡೆಯುವವರು ಇರಲಿಲ್ಲ.

ಈಗ ಕಾನೂನು ಇದೆಯಲ್ಲ ಅನ್ನಬಹುದು. ಇದೆ. ಆದರೆ ಎಷ್ಟೋ ಕಡೆ ಅಳೆಯುವವನು ತಯಾರಿಸಿದವನೇ, ಅಥವಾ ಅವನು ದುಡ್ಡು ಕೊಟ್ಟ ಪ್ರಯೋಗಾಲಯ. ಸರ್ಕಾರ ಆ ಕಾಗದ ಓದುತ್ತದೆ, ಅಷ್ಟೇ. ಫ್ರಾನ್ಸ್ ಬೇರೆ ದಾರಿ ಹಿಡಿದಿದೆ. ರೇಡಿಯೋ ಅಲೆಗಳ ಬಳಕೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಮಾರುಕಟ್ಟೆಯಿಂದ ಫೋನ್ ತಂದು ತಾನೇ ಅಳೆಯುತ್ತದೆ. ಹಾಗೆ ಅಳೆದಾಗ 2023ರಲ್ಲಿ ಐಫೋನ್ 12 ಸಿಕ್ಕಿಬಿತ್ತು. ಕೈಯಲ್ಲಿ ಹಿಡಿದಾಗ ದೇಹ ಹೀರುವ ಶಕ್ತಿ ಕಿಲೋಗೆ 4 ವ್ಯಾಟ್ ಮೀರಬಾರದು, ಬಂದದ್ದು 5.74. ಮಾರಾಟ ನಿಲ್ಲಿಸಿದರು, ಕಂಪನಿ ಸಾಫ್ಟ್‌ವೇರ್ ಬದಲಾಯಿಸಿತು. ಆ ಫೋನ್ ಮಾರಾಟಕ್ಕೆ ಬಂದದ್ದು 2020ರಲ್ಲಿ. ಮೂರು ವರ್ಷ! ಫೋನಿನಿಂದ ಕ್ಯಾನ್ಸರ್ ಬರುತ್ತದೋ ಇಲ್ಲವೋ ಅನ್ನುವ ಚರ್ಚೆಗೆ ನಾನು ಕೈಹಾಕುವುದಿಲ್ಲ, ಅದು ನನ್ನ ಪ್ರಶ್ನೆಯೇ ಅಲ್ಲ. ಮಿತಿ ಅಂತ ಒಂದು ಇದ್ದ ಮೇಲೆ ಅದನ್ನು ಅಳೆದು ನೋಡಬೇಕೋ ಬೇಡವೋ?

ಸರ್ಕಾರವೇ ಅಂಗಡಿಯಿಂದ ತರಲಿ, ಆನ್‌ಲೈನ್‌ನಲ್ಲಿ ತರಿಸಲಿ, ಪೆಟ್ಟಿಗೆ ಒಡೆದು ಅಳೆಯಲಿ, ಬಂದ ಅಂಕಿಯನ್ನು ಎಲ್ಲರಿಗೂ ಕಾಣುವಂತೆ ಹಾಕಲಿ. ಖರ್ಚಾಗುತ್ತದೆ, ಕಂಪನಿಗೆ ಹೊರೆಯಾಗುತ್ತದೆ ಅನ್ನುವವರು ಒಂದು ಸಲ ಬಂದು ಆ ಹುಡುಗ ಪುಸ್ತಕ ಹಿಡಿಯುವುದನ್ನು ನೋಡಲಿ.

ವಿರೋಧ: ಇರುವ ಮಿತಿಯೇ ಸಾಕು

ಈ ಕಡೆ ಬರೆಯಿರಿ ಅಂತ ನನ್ನನ್ನು ಕೇಳಿದಾಗ ಒಂದು ದಿನ ಯೋಚನೆ ಮಾಡಿದೆ. ನಿಯಂತ್ರಣವೇ ಬೇಡ ಅನ್ನುವವನು ನಾನಲ್ಲ. ಮೈಕ್ರೋವೇವ್ ಒಲೆಯ ಬಾಗಿಲು ತೆಗೆದ ಕ್ಷಣ ಅದು ಆರುತ್ತದಲ್ಲ, ಆ ಬೀಗ ಕಾನೂನಿನಿಂದ ಬಂದದ್ದು, ಒಳ್ಳೆಯದೇ ಆಯಿತು. ಆದರೆ "ಇನ್ನೂ ಬಿಗಿ" ಅನ್ನುವ ಮಾತಿಗೆ ಕಾರಣ ಬೇಕು. ಆ ಕಾರಣ ನನಗೆ ಕಾಣುತ್ತಿಲ್ಲ.

ಮೊದಲು ಮಿತಿ ಹೇಗೆ ಇಟ್ಟರು ಅಂತ ನೋಡಿ. ರೇಡಿಯೋ ಅಲೆಗಳು ದೇಹಕ್ಕೆ ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ಬಿಸಿ ಮಾಡುವುದು. ಇಡೀ ಮೈಗೆ ತೊಂದರೆ ಶುರುವಾಗುವ ಮಟ್ಟ ಕಿಲೋಗೆ ಸುಮಾರು 4 ವ್ಯಾಟ್ ಅಂತ ಹಿಡಿದು, ಅದನ್ನು ಐವತ್ತರಿಂದ ಭಾಗಿಸಿ ಜನಸಾಮಾನ್ಯರ ಇಡೀ ಮೈಗೆ 0.08 ಅಂತ ಇಟ್ಟರು (ಕೈಯಂಥ ಒಂದೇ ಭಾಗಕ್ಕೆ ಇರುವ ಮಿತಿ ಬೇರೆ). ಐವತ್ತು ಪಟ್ಟು ಕೆಳಗೆ. ಅದನ್ನೂ ಹತ್ತನೇ ಒಂದು ಭಾಗ ಮಾಡಿ, ನೂರನೇ ಒಂದು ಭಾಗ ಮಾಡಿ ಅಂದರೆ ಯಾರಿಗೆ ಲಾಭ?

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ಅಲೆಗಳನ್ನು "ಕ್ಯಾನ್ಸರ್ ತರಬಹುದಾದ" 2ಬಿ ಪಟ್ಟಿಗೆ ಸೇರಿಸಿತು. ಅವತ್ತಿನಿಂದ ಆ ಒಂದು ಸಾಲು ಎಲ್ಲ ಭಯಕ್ಕೂ ಆಧಾರವಾಗಿದೆ. ಅದೇ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿ 2024ರಲ್ಲಿ ಹೊರಬಂದ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಆ ಸುದ್ದಿ ಅಷ್ಟು ದೂರ ಹೋಗಲೇ ಇಲ್ಲ.

ಅತಿ ಬಿಗಿ ಮಾಡಿದರೆ ಉಲ್ಟಾ ಹೊಡೆಯುವುದೂ ಉಂಟು. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಫೋನ್ ಕಿವಿಯ ಹತ್ತಿರ ಬೆಚ್ಚಗಾಗುವುದನ್ನು, ಬ್ಯಾಟರಿ ಬೇಗ ಇಳಿಯುವುದನ್ನು ನೀವೂ ನೋಡಿರುತ್ತೀರಿ. ಟವರ್ ದೂರವಿದ್ದಷ್ಟೂ, ಅದರ ದನಿ ಸಣ್ಣದಾದಷ್ಟೂ ಫೋನ್ ಜೋರಾಗಿ ಕೂಗಬೇಕು. ಟವರ್‌ಗೆ ಭಯಪಟ್ಟು ಅದನ್ನು ದೂರ ಓಡಿಸಿದರೆ, ತಲೆಗೆ ಒತ್ತಿಕೊಂಡ ಫೋನಿನಿಂದಲೇ ಜಾಸ್ತಿ ಬೀಳುತ್ತದೆ. ಟವರ್ ಬೇಡ ಅಂತ ಸಹಿ ಹಾಕಿದ ನನ್ನ ಪರಿಚಯದವರೊಬ್ಬರು ಈಗ ಮನೆಯೊಳಗೆ ಸಿಗ್ನಲ್ ಸಿಗದೆ ಕಿಟಕಿ ಪಕ್ಕ ನಿಂತು ಗಂಟೆಗಟ್ಟಲೆ ಮಾತಾಡುತ್ತಾರೆ.

ಲೇಸರ್ ಮಾತು ಬಂದೇ ಬರುತ್ತದೆ, ಗೊತ್ತು. ಅಲ್ಲಿ ನಿಯಮ ಇದೆ, ಅದನ್ನು ಮುರಿದರು. ಮುರಿಯುವವನು ಹೊಸ ನಿಯಮವನ್ನೂ ಮುರಿಯುತ್ತಾನೆ, ಹೊರೆ ಬೀಳುವುದು ನಿಯಮ ಪಾಲಿಸುವ ಸಣ್ಣ ತಯಾರಕನ ಮೇಲೆ. ಹೀಗೇ ಹೋದರೆ ನಾಳೆ ಟಿವಿ ರಿಮೋಟ್ ಮಾರಲಿಕ್ಕೂ ಪ್ರಯೋಗಾಲಯದ ಕಾಗದ ಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಎದುರು ಪಕ್ಷದ ಜೊತೆ ನಾನಿದ್ದೇನೆ. ಚರ್ಮ ಕಂದು ಮಾಡಿಕೊಳ್ಳುವ ಅಲ್ಟ್ರಾವಯಲೆಟ್ ಹಾಸಿಗೆಗಳನ್ನು ಅದೇ ಕ್ಯಾನ್ಸರ್ ವಿಭಾಗ 2009ರಲ್ಲೇ ಕ್ಯಾನ್ಸರ್ ತರುತ್ತವೆ ಅಂತ ಮೊದಲ ಗುಂಪಿಗೆ ಸೇರಿಸಿತು. ಅಲ್ಲಿ "ಬಹುದು" ಇಲ್ಲ. ಬ್ರೆಜಿಲ್ ಅದೇ ವರ್ಷ ಅವನ್ನು ನಿಷೇಧಿಸಿತು. ಬೇರೆ ಎಷ್ಟೋ ದೇಶಗಳಲ್ಲಿ ಇವತ್ತಿಗೂ ದುಡ್ಡು ಕೊಟ್ಟು ಮಲಗಬಹುದು. ಬಿಗಿ ಮಾಡಲೇಬೇಕು ಅಂತಿದ್ದರೆ ಮೊದಲು ಅಲ್ಲಿ ಮಾಡಲಿ.