ಐದು ವ್ಯಾಟಿನ ಸುಖ

ಹವ್ಯಾಸಿ ರೇಡಿಯೋದವರಲ್ಲಿ, ಅಂದರೆ ಸ್ವಂತ ರೇಡಿಯೋ ಸೆಟ್ಟಿನಿಂದ ದೂರದವರೊಡನೆ ಸಂಪರ್ಕ ಬೆಳೆಸುವ ಹ್ಯಾಮ್‌ಗಳಲ್ಲಿ, ಎರಡು ಪಂಗಡಗಳಿವೆ: ಆಚೆಯವರಿಗೆ ಕೇಳಿಸದಿದ್ದರೆ ಪವರ್ ಏರಿಸುವವರು ಮತ್ತು ಆಂಟೆನಾ ಹೇಗಿದೆಯೆಂದು ತೋಟಕ್ಕೆ ಹೋಗಿ ನೋಡಿ ಬರುವವರು. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ 5 ವ್ಯಾಟ್, ಮಾತಿನಲ್ಲಿ 10 ವ್ಯಾಟ್ ಮೀರದೆ ಸಂಪರ್ಕ ಸಾಧಿಸುವುದನ್ನು ಹ್ಯಾಮ್‌ಗಳು ಕ್ಯೂಆರ್‌ಪಿ ಎನ್ನುತ್ತಾರೆ. ಐದು ವ್ಯಾಟ್ ಎಂದರೆ ಹಳೆಯ ಝೀರೋ ಬಲ್ಬನ್ನು ಉರಿಸುವುದಕ್ಕೂ ಸಾಲದು.

ಪೇಟೆಯಲ್ಲಿ ಸಿಗುವ ಸಾಮಾನ್ಯ ಸೆಟ್ 100 ವ್ಯಾಟಿನದು, ಅಂದರೆ ನನ್ನದರ 20 ಪಟ್ಟು. ಆದರೆ ಕೇಳುವವರ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಎಸ್ ಮೀಟರ್ ಒಂದು ಅಂಕ ಮೇಲೇರಬೇಕಾದರೆ ಪವರ್ ನಾಲ್ಕು ಪಟ್ಟಾಗಬೇಕು. ಆದ್ದರಿಂದ ಆ 20 ಪಟ್ಟಿನ ದೊಡ್ಡಸ್ತಿಕೆ ಅಲ್ಲಿಗೆ ತಲುಪುವಾಗ ಎರಡು ಅಂಕಕ್ಕಿಂತ ತುಸು ಹೆಚ್ಚು, ಅಷ್ಟೆ. ಅಷ್ಟಕ್ಕಾಗಿ ದುಡ್ಡು ಸುರಿಯುವುದಕ್ಕಿಂತ ಒಳ್ಳೆಯ ತಂತಿ ಕಟ್ಟುವುದು ಮೇಲು ಎಂಬುದು ನನ್ನ ವಾದ.

ತಂತಿ ಕಟ್ಟುವ ವಿಷಯದಲ್ಲಿ ಕಾಸರಗೋಡಿನವರು ಅದೃಷ್ಟವಂತರು. 7 ಮೆಗಾಹರ್ಟ್ಸಿನ ಡೈಪೋಲಿಗೆ, ಅಂದರೆ ನಡುವಿನಿಂದ ಸೆಟ್ಟಿಗೆ ಜೋಡಿಸುವ ಎರಡು ತೋಳಿನ ತಂತಿ ಆಂಟೆನಾಕ್ಕೆ, ಸುಮಾರು 20 ಮೀಟರ್ ಉದ್ದ ಬೇಕು. ಒಂಬತ್ತು ಅಡಿಗೊಂದರಂತೆ ಅಡಿಕೆ ನೆಟ್ಟ ಸಾಲಿನಲ್ಲಿ ಏಳೆಂಟು ಮರ ದಾಟಿದರೆ ಅಳತೆ ಸರಿಹೋಗುತ್ತದೆ. ಮೂವತ್ತು ಅಡಿ ಎತ್ತರದ ಇಂಥ ತಂತಿ ಸಂಕೇತವನ್ನು ಹೆಚ್ಚಾಗಿ ನೆತ್ತಿಯ ಮೇಲಕ್ಕೇ ಕಳಿಸುತ್ತದೆ. ಅದು ಸುಮಾರು 300 ಕಿಲೋಮೀಟರ್ ಮೇಲಿನ ಅಯಾನುಗೋಳಕ್ಕೆ (ರೇಡಿಯೋ ಅಲೆಗಳನ್ನು ಕೆಳಕ್ಕೆ ಮರಳಿಸುವ ವಾತಾವರಣದ ಪದರ) ತಾಗಿ ಕೆಳಗಿಳಿಯುವುದರಿಂದ, ಪೆರ್ಲದ ಕಡೆಯ ಗುಡ್ಡಗಳ ನಡುವಿನ ತಗ್ಗಿನಲ್ಲಿ ಕುಳಿತವನಿಗೂ ಘಟ್ಟವೊಂದು ಅಡ್ಡಿಯೆನಿಸದೆ ಬೆಳಗಿನ ಹೊತ್ತು ಬೆಂಗಳೂರು ಸಿಗುತ್ತದೆ. ಮಳೆಗಾಲ ಹಿಡಿಯುವ ಮುನ್ನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರು ಮರದಿಂದ ಮರಕ್ಕೆ ಹಾಯುವ ದಿನಗಳಲ್ಲಿ ಮಾತ್ರ ತಂತಿ ಇಳಿಸಿಡಬೇಕು, ಇಲ್ಲವಾದರೆ ಬೈಗುಳ ತಪ್ಪದು. ಹಿಂಗಾರಿನ ಸಂಜೆಗಳಲ್ಲಿ ಗುಡುಗಿಗೆ ಮೊದಲೇ ತಂತಿಯನ್ನು ಸೆಟ್ಟಿನಿಂದ ಕಳಚುವುದಂತೂ ಕಡ್ಡಾಯ.

“ಅಲ್ಲ ಭಾವ, ಬೆಂಗಳೂರಿಗೆ ಫೋನು ಮಾಡಿದರೆ ಸಾಲದೋ?” ಎಂದು ನೆರೆಯವರು ಕೇಳುವುದುಂಟು. ಸಾಲುತ್ತದೆ. ಆದರೆ ಫೋನಿನಲ್ಲಿ ಯಾರು ಸಿಗುತ್ತಾರೆಂಬುದು ಮೊದಲೇ ಗೊತ್ತಿರುತ್ತದೆ.

ಕಡಿಮೆ ಪವರಿನವನಿಗೆ ಮೋರ್ಸೇ ಆಪ್ತ. ಮಾತಿಗೆ ಆವರ್ತನದಲ್ಲಿ ಸುಮಾರು 2500 ಹರ್ಟ್ಸ್ ಅಗಲದ ಜಾಗ ಬೇಕಾದರೆ ಮೋರ್ಸಿಗೆ 150ರಷ್ಟು ಸಾಕಾಗುವುದರಿಂದ, ಅಷ್ಟೂ ಪವರ್ ಆ ಕಿರಿದಾದ ಜಾಗದಲ್ಲಿ ಕೂಡಿ ನಿಲ್ಲುತ್ತದೆ. ಇನ್ನು ಕರೆಂಟು ಹೋದರಂತೂ ಹಬ್ಬ: ಎಲ್‌ಇಡಿ ಬಲ್ಬು, ಚಾರ್ಜರುಗಳ ಗರಗರ ಒಮ್ಮೆಗೇ ಅಡಗಿ, ಅದರಡಿಯಲ್ಲಿ ಹೂತುಹೋಗಿದ್ದ ಕ್ಷೀಣ ಸ್ವರಗಳು ಹೆಡ್‌ಫೋನಿನಲ್ಲಿ ಮೇಲೇಳುತ್ತವೆ. ಸೆಟ್ಟು 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುವುದರಿಂದ ನನಗೆ ನಷ್ಟವೇನಿಲ್ಲ.

ಇದಕ್ಕೆ ದುಬಾರಿ ಸಲಕರಣೆಯೂ ಬೇಡ. ಹೈದರಾಬಾದಿನ ಅಶರ್ ಫರ್ಹಾನ್ ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ರೂಪಿಸಿದ ಬಿಟ್‌ಎಕ್ಸ್ ಸೆಟ್ಟನ್ನು ಬೇರೆ ದೇಶಗಳ ಹ್ಯಾಮ್‌ಗಳೂ ಬೆಸುಗೆ ಹಾಕಿ ಕಟ್ಟಿಕೊಂಡಿದ್ದಾರೆ.

ಮಜಾ ಬರುವುದು ಸಂಪರ್ಕ ಆದ ಮೇಲೆ. ಇಲ್ಲಿಂದ ಹೋಗುತ್ತಿರುವುದು 5 ವ್ಯಾಟ್ ಎಂದು ತಿಳಿಸಿದರೆ, ಆಚೆಯವರು ತಾವೂ 5ಕ್ಕೆ ಇಳಿಯುತ್ತಾರೆ. ನಾನು 1ಕ್ಕೆ, ಅವರು ಅರ್ಧಕ್ಕೆ. ಮತ್ತಷ್ಟು ಇಳಿದು ಕೊನೆಗೆ ಇಬ್ಬರಿಗೂ ಏನೂ ಕೇಳಿಸದಾದಾಗ ಪಂದ್ಯ ಸಮವಾಯಿತೆಂದು ಲೆಕ್ಕ.