ಮೆಡಲ್ ಸಿಗದ ಬಡಗಿ

ಕಳೆದ ವಾರ ಆಫೀಸಿನಲ್ಲಿ ಇಡೀ ದಿನ ತರಬೇತಿ ಇತ್ತು. ವಿಷಯ ನಾಯಕತ್ವ. ಊಟದ ನಂತರ ಪರದೆಯ ಮೇಲೆ ಅರ್ನೆಸ್ಟ್ ಶ್ಯಾಕಲ್ಟನ್ ಫೋಟೊ ಬಂತು. ಅಂಟಾರ್ಕ್ಟಿಕಾದ ಹಿಮದಲ್ಲಿ ಹಡಗು ಮುಳುಗಿದರೂ ಅದರಲ್ಲಿದ್ದ 28 ಜನರನ್ನೂ ಜೀವಸಹಿತ ವಾಪಸ್ ತಂದ ನಾಯಕ ಅಂತ ಹೇಳಿದರು. ನಿಜ, ಅದರಲ್ಲಿ ನನ್ನ ತಕರಾರಿಲ್ಲ. (ಅದೇ ಯಾನಕ್ಕಾಗಿ ಖಂಡದ ಇನ್ನೊಂದು ಕಡೆ ದುಡಿದ ತಂಡದಲ್ಲಿ ಮೂವರು ಸತ್ತರು, ಅದನ್ನೂ ಯಾರೂ ಹೇಳುವುದಿಲ್ಲ.) ಆದರೆ ಅಷ್ಟು ಹೊತ್ತಿನ ಮಾತಿನಲ್ಲಿ ಹ್ಯಾರಿ ಮೆಕ್‌ನಿಶ್ ಹೆಸರು ಒಂದು ಸಲವೂ ಬರಲಿಲ್ಲ. ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು.

ಮೆಕ್‌ನಿಶ್ ಆ ಹಡಗಿನ ಬಡಗಿ. ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋದವನು. ನಲವತ್ತು ದಾಟಿತ್ತು, ಮಾತು ಒರಟು. 1915ರ ಜನವರಿಯಲ್ಲಿ ‘ಎಂಡ್ಯೂರೆನ್ಸ್’ ಹಡಗು ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ತಿಂಗಳುಗಟ್ಟಲೆ ಹಾಗೇ ಇತ್ತು. ಕೊನೆಗೆ ಹಿಮ ಒತ್ತಿ ಒತ್ತಿ ಹಲಗೆಗಳು ಬಿಟ್ಟುಕೊಂಡು ನೀರು ನುಗ್ಗಿದಾಗ, ಆ ಕೊರೆಯುವ ನೀರಿನಲ್ಲಿ ನಿಂತು ಒಳಗಡೆ ಅಡ್ಡಗೋಡೆ ಕಟ್ಟಿದವನು ಇವನೇ. ಹಡಗು ಉಳಿಯಲಿಲ್ಲ. ಅಕ್ಟೋಬರಿನಲ್ಲಿ ಎಲ್ಲರೂ ಹಿಮದ ಮೇಲೆ ಇಳಿದರು.

ಅವನ ಹತ್ತಿರ ಒಂದು ಬೆಕ್ಕಿತ್ತು. ಹೆಸರು ಮಿಸೆಸ್ ಚಿಪ್ಪಿ, ಆದರೆ ಅದು ಗಂಡು ಬೆಕ್ಕು! ಹಿಮದ ಮೇಲೆ ಸಾಕಲು ಆಗುವುದಿಲ್ಲ ಅಂತ ಶ್ಯಾಕಲ್ಟನ್ ಅದನ್ನೂ ನಾಯಿಮರಿಗಳನ್ನೂ ಗುಂಡಿಟ್ಟು ಕೊಲ್ಲಿಸಿದ. ಆ ಪರಿಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲವೇನೋ. ಮೆಕ್‌ನಿಶ್ ಮಾತ್ರ ಅದನ್ನು ಸಾಯುವವರೆಗೂ ಮರೆಯಲಿಲ್ಲ.

ಡಿಸೆಂಬರಿನಲ್ಲಿ ಟನ್ನುಗಟ್ಟಲೆ ಭಾರದ ದೋಣಿಗಳನ್ನು ಏರುತಗ್ಗಿನ ಹಿಮದ ಮೇಲೆ ಎಳೆಯುವ ಕೆಲಸ ಶುರುವಾಯಿತು. ಒಂದು ದಿನ ಮೆಕ್‌ನಿಶ್ ನಿಂತುಬಿಟ್ಟ. ಇನ್ನು ಎಳೆಯಲ್ಲ ಅಂದ. ಹಡಗೇ ಹೋದ ಮೇಲೆ ಕರಾರು ಎಲ್ಲಿ ಉಳಿಯಿತು ಅಂತ ವಾದ ಮಾಡಿದ. ಶ್ಯಾಕಲ್ಟನ್ ಎಲ್ಲರ ಮುಂದೆ ಕರಾರು ಓದಿ ಹೇಳಿದ, ಇವನು ಮತ್ತೆ ಹಗ್ಗಕ್ಕೆ ಹೆಗಲು ಕೊಟ್ಟ. ಅದಾಗಿ ಎರಡು ಮೂರು ದಿನಕ್ಕೇ ಆ ಎಳೆತವನ್ನೇ ಬಿಡಬೇಕಾಯಿತು. ಮುಂದೆ ಹೋಗಲು ಸಾಧ್ಯವೇ ಇರಲಿಲ್ಲ. ಆದರೆ ಎದುರು ಮಾತಾಡಿದ್ದು ಮಾತ್ರ ಶ್ಯಾಕಲ್ಟನ್ ಮನಸ್ಸಿನಲ್ಲಿ ಉಳಿದುಕೊಂಡಿತು.

ಹಿಮ ಒಡೆದ ಮೇಲೆ ಎಲ್ಲರೂ ದೋಣಿಗಳಲ್ಲಿ ಎಲಿಫೆಂಟ್ ಅನ್ನುವ ನಿರ್ಜನ ದ್ವೀಪ ಸೇರಿದರು. ಅಲ್ಲಿಂದ ಸಹಾಯ ತರಲು ಹೊರಟದ್ದು ಒಂದೇ ದೋಣಿ. ‘ಜೇಮ್ಸ್ ಕೇರ್ಡ್’. ಉದ್ದ ಬರೀ ಇಪ್ಪತ್ತೆರಡೂವರೆ ಅಡಿ. ಅದರಲ್ಲಿ ಆರು ಜನ ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾಕ್ಕೆ, ಸುಮಾರು 800 ನಾಟಿಕಲ್ ಮೈಲಿ, ಜಗತ್ತಿನಲ್ಲೇ ಅತಿ ಕೆಟ್ಟ ಕಡಲು ದಾಟಿ ಹೋದರು. ಮರದ ಅಂಗಡಿ ಇಲ್ಲ, ಒಂದು ಮರವೂ ಬೆಳೆಯದ ಜಾಗ. ಮೆಕ್‌ನಿಶ್ ಸಾಮಾನಿನ ಪೆಟ್ಟಿಗೆಗಳನ್ನು ಒಡೆದ. ದೋಣಿಯ ಪಕ್ಕಗಳನ್ನು ಎತ್ತರಿಸಿದ. ಜಾರುಬಂಡಿಯ ಪಟ್ಟಿಗಳು, ಪೆಟ್ಟಿಗೆಯ ಮುಚ್ಚಳಗಳನ್ನು ಜೋಡಿಸಿ ಮೇಲೆ ಕ್ಯಾನ್ವಾಸ್ ಹೊದಿಸಿದ. ಆ ಬಟ್ಟೆ ಹೆಪ್ಪುಗಟ್ಟಿ ತಗಡಿನಂತಾಗಿತ್ತು. ಒಲೆಯ ಮೇಲೆ ಹಿಡಿದು ಕರಗಿಸಿ, ಸ್ವಲ್ಪ ಸ್ವಲ್ಪವೇ ಹೊಲಿಯಬೇಕಿತ್ತು. ಸಂದುಗಳಿಗೆ ದೀಪದ ಬತ್ತಿ ತುರುಕಿ, ತಂಡದ ಚಿತ್ರಕಾರನ ಎಣ್ಣೆಬಣ್ಣ ಮತ್ತು ಸೀಲ್ ರಕ್ತ ಮೆತ್ತಿದ. ಇನ್ನೊಂದು ದೋಣಿಯ ಕೂವೆಮರವನ್ನೇ ತೆಗೆದು ಇದರ ತಳದ ಉದ್ದಕ್ಕೂ ಕಟ್ಟಿದ, ಅಲೆಗೆ ನಡು ಮುರಿಯಬಾರದು ಅಂತ. ಆ ದೋಣಿಯಲ್ಲಿ ಅವನೂ ಹೋದ. 1916ರ ಏಪ್ರಿಲ್ 24ಕ್ಕೆ ಹೊರಟವರು ಮೇ 10ಕ್ಕೆ ದಡ ಸೇರಿದರು.

ತಿಮಿಂಗಿಲ ಬೇಟೆಗಾರರ ನೆಲೆ ಇದ್ದದ್ದು ದ್ವೀಪದ ಆಚೆ ಬದಿಗೆ. ದೋಣಿಯಲ್ಲಿ ಬಂದವರ ಪೈಕಿ ಶ್ಯಾಕಲ್ಟನ್, ವರ್ಸ್ಲಿ, ಕ್ರೀನ್ ಮೂವರು ಹಿಮದ ಬೆಟ್ಟ ದಾಟಿ ಹೊರಟರು. ಮೆಕ್‌ನಿಶ್‌ಗೆ ನಡೆಯುವ ಶಕ್ತಿ ಉಳಿದಿರಲಿಲ್ಲ. ದೋಣಿಯಿಂದಲೇ ಸ್ಕ್ರೂ ಬಿಚ್ಚಿ ಬೂಟುಗಳ ತಳಕ್ಕೆ ಹಾಕಿಕೊಟ್ಟ, ಒಂದೊಂದಕ್ಕೆ ಎಂಟೆಂಟು, ಜಾರದಿರಲಿ ಅಂತ. ಹಿಮದಲ್ಲಿ ಮೆಟ್ಟಿಲು ಕಡಿಯಲು ಅವರು ಒಯ್ದದ್ದು ಇವನದೇ ಬಾಚಿ. 36 ಗಂಟೆ ನಡೆದು ಆ ಮೂವರೂ ಬೇಟೆಗಾರರ ನೆಲೆ ತಲುಪಿದರು. ಆಗಸ್ಟ್ 30ಕ್ಕೆ ಎಲಿಫೆಂಟ್ ದ್ವೀಪದಲ್ಲಿ ಕಾಯುತ್ತಿದ್ದ 22 ಜನರೂ ಬದುಕಿ ಬಂದರು.

ಆಮೇಲೆ ಧ್ರುವಯಾನ ಮಾಡಿದವರಿಗೆ ಬ್ರಿಟನ್ ಕೊಡುವ ಪೋಲಾರ್ ಮೆಡಲ್ ಕೊಡುವಾಗ ಶ್ಯಾಕಲ್ಟನ್ ನಾಲ್ಕು ಜನರ ಹೆಸರು ಬಿಟ್ಟ. ಮೂವರು ಸಾಮಾನ್ಯ ಕೆಲಸಗಾರರು, ನಾಲ್ಕನೆಯವನು ಮೆಕ್‌ನಿಶ್. ಇದು ದೊಡ್ಡ ಅನ್ಯಾಯ ಅಂತ ಹಡಗಿನ ಡಾಕ್ಟರ್ ಮ್ಯಾಕ್ಲಿನ್ ಮುಂದೊಂದು ದಿನ ಹೇಳಿದ. ನನಗೂ ಹಾಗೇ ಅನಿಸುತ್ತದೆ. ಒಂದು ದಿನದ ಜಗಳ ಒಂದು ಕಡೆ, ಆ ದೋಣಿ ಇನ್ನೊಂದು ಕಡೆ. ಎರಡೂ ಒಂದೇ ತೂಕವಾ? ಶ್ಯಾಕಲ್ಟನ್ ದೊಡ್ಡ ಮನುಷ್ಯ ಅಂತ ನಾನೂ ಒಪ್ಪುತ್ತೇನೆ. ಆದರೆ ಈ ವಿಷಯದಲ್ಲಿ ಸಣ್ಣವನಾದ. ಅದನ್ನೂ ಅಂಥ ತರಬೇತಿಗಳಲ್ಲಿ ಹೇಳಬೇಕು ಅಲ್ವಾ?

ಮೆಕ್‌ನಿಶ್ ಕೊನೆಗೆ ನ್ಯೂಜಿಲೆಂಡಿನ ವೆಲಿಂಗ್ಟನ್ ಸೇರಿದ. ಬಂದರಿನಲ್ಲಿ ದುಡಿದ. ಪೆಟ್ಟಾಗಿ ಕೆಲಸ ಹೋಯಿತು, ಕೈ ಬರಿದಾಯಿತು. ರಾತ್ರಿ ಬಂದರಿನ ಶೆಡ್ಡಿನಲ್ಲಿ ಟಾರ್ಪಾಲಿನ್ ಕೆಳಗೆ ಮಲಗುತ್ತಿದ್ದ. ಅಲ್ಲಿನ ಕೂಲಿಗಳೇ ದುಡ್ಡು ಕೂಡಿಸಿ ನೋಡಿಕೊಂಡರು. 1930ರಲ್ಲಿ ತೀರಿಕೊಂಡ. ನೌಕಾಪಡೆಯ ಮರ್ಯಾದೆಯೊಂದಿಗೆ ಕರೋರಿ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆದರೆ ಗೋರಿಗೆ ಒಂದು ಕಲ್ಲು ಬರಲು 1959ರವರೆಗೆ ಕಾಯಬೇಕಾಯಿತು.

2004ರಲ್ಲಿ ಆ ಗೋರಿಯ ಮೇಲೆ ಕಂಚಿನ ಬೆಕ್ಕೊಂದನ್ನು ಇಟ್ಟರು. ನಿಜವಾದ ಬೆಕ್ಕಿನಷ್ಟೇ ದೊಡ್ಡದು. ಫೋಟೊ ನೋಡುತ್ತಾ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.